ಫಾರಿನ್ ಪಾರ್ಕಿನಲ್ಲಿ ಜೇನೆದ್ದ ದಿನ

ಅಪ್ಪನಿಗೆ ಬುದ್ಧನನ್ನು ನೋಡಬೇಕಾಗಿತ್ತು. ಅದಕ್ಕೇ ನಾವು ಆ ಪಾರ್ಕಿಗೆ ಹೋದದ್ದು. ಇಲ್ಲದಿದ್ದರೆ ವಾರವಿಡೀ ವಾರ್ಡಿನಲ್ಲಿ ನಿಂತು ಕಾಲು ಬಾತುಕೊಂಡಿರುವಾಗ, ಸಿಕ್ಕ ಒಂದು ಭಾನುವಾರವನ್ನು ನಾನು ತೋಟ ಸುತ್ತುವುದಕ್ಕೆ ಕೊಡುವವಳಲ್ಲ.

ನಾನು ಹೊಸಪೇಟೆಯಲ್ಲಿ ನರ್ಸು. ಅಪ್ಪ ಅವ್ವ ಸಂಡೂರು ತಾಲ್ಲೂಕಿನ ಚೋರನೂರಿನಲ್ಲಿ ಅಣ್ಣನ ಸಂಸಾರದ ಜೊತೆ ಇರುತ್ತಾರೆ. ಆ ವಾರ ಅಪ್ಪನ ಕಣ್ಣಿನ ಪೊರೆ ತೋರಿಸಲು ಇಬ್ಬರೂ ಬಂದು ನನ್ನ ಬಾಡಿಗೆ ಮನೆಯಲ್ಲಿ ಉಳಿದಿದ್ದರು. ಕಣ್ಣಿನ ಡಾಕ್ಟರ ಬೆಂಚಿನ ಮೇಲೆ ಕಾಯುತ್ತ ಕೂತಾಗ ಪಕ್ಕದಲ್ಲಿದ್ದ ಕಂಪ್ಲಿಯ ಮನುಷ್ಯನೊಬ್ಬ ಅಪ್ಪನಿಗೆ ಫೋನಿನಲ್ಲಿ ಫೋಟೋ ತೋರಿಸಿದ್ದನಂತೆ. ಹಂಪಿ ರಸ್ತೆಯಲ್ಲಿ ಹೊಸ ತೋಟವಾಗಿದೆ, ಪ್ರಪಂಚದ ನಾನಾ ದೇಶಗಳ ಮನೆ, ಗಿಡ, ಗೊಂಬೆ ಎಲ್ಲ ಮಾಡಿಟ್ಟಿದ್ದಾರೆ, ಜಪಾನ್ ಅಂತ ಬರೆದಿರುವ ಕಡೆ ಆನೆಯಷ್ಟು ಎತ್ತರದ ಬುದ್ಧ ಕೂತಿದ್ದಾನೆ ಅಂತ.

ನಮ್ಮದು ಬೌದ್ಧ ಮನೆ. ನಾನು ಹುಟ್ಟುವುದಕ್ಕೆ ಮೊದಲೇ ಅಪ್ಪ ಅವ್ವ ದೀಕ್ಷೆ ತೆಗೆದುಕೊಂಡಿದ್ದರು. ಊರಿನ ಮನೆಯ ಗೂಡಿನಲ್ಲಿ ಗೇಣುದ್ದದ ಒಂದು ಬುದ್ಧ ಇದ್ದಾನೆ, ಪ್ಲಾಸ್ಟರಿನದು, ಮೂಗಿನ ತುದಿ ಮುಕ್ಕಾಗಿದೆ. ಅದಕ್ಕಿಂತ ದೊಡ್ಡದನ್ನು ಅಪ್ಪ ಕಣ್ಣಾರೆ ನೋಡಿರಲಿಲ್ಲ. "ಪೊರಿ ಪೂರ್ತಿ ಮುಚ್ಚೂದ್ರಾಗ ಒಂದ್ಸಲ ನೋಡ್ಕೊಂಡ್ ಬರೂಣು," ಅಂದ. ಆಪರೇಷನ್ ಆದ ಮೇಲೆ ಇನ್ನೂ ಚೆನ್ನಾಗಿ ಕಾಣುತ್ತದೆ, ಆಗ ಹೋಗೋಣ ಎಂದೆ. ಕೇಳಲಿಲ್ಲ.

ಮುಂದಿನದನ್ನು ಹೇಳುವ ಮೊದಲು ಅಪ್ಪನ ಮೈಯ ಬಗ್ಗೆ ಒಂದು ಮಾತು ಹೇಳಬೇಕು. ಅವನು ಸಂಡೂರಿನ ಗುಡ್ಡಗಳಲ್ಲಿ ಅದಿರಿನ ಗಣಿಯಲ್ಲಿ ಕೂಲಿ ಮಾಡಿದವನು. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಒಂದು ದಿನ ಅಲ್ಲಿ ಹೆಜ್ಜೇನು ಎದ್ದವು. ಜೊತೆಯ ಕೂಲಿಯವರು ಮೈಕೈ ಬಾತುಕೊಂಡು ಮನೆಗೆ ಬಂದರು. ಅಪ್ಪನಿಗೆ ಕಡಿದದ್ದು ಎರಡೋ ಮೂರೋ, ಆದರೆ ಗಂಟಲು ಕಟ್ಟಿ, ತುಟಿ ನೀಲಿಯಾಗಿ, ಜೀಪಿನಲ್ಲಿ ಹಾಕಿಕೊಂಡು ಓಡಿದರು. ಬದುಕಿದ. ಇನ್ನೊಂದು ಸಲ ಕಡಿದರೆ ಆಸ್ಪತ್ರೆ ಮುಟ್ಟುವಷ್ಟು ಹೊತ್ತು ಸಿಗಲಿಕ್ಕಿಲ್ಲ ಎಂದು ಡಾಕ್ಟರು ಅವ್ವನಿಗೆ ಹೇಳಿದ್ದನ್ನು ನಾನು ಬಾಗಿಲ ಸಂದಿಯಲ್ಲಿ ನಿಂತು ಕೇಳಿದ್ದೆ. ನಾನು ನರ್ಸಾದ ಮೇಲೆ ಒಂದು ಡಬ್ಬಿಯಲ್ಲಿ ಇಂಜೆಕ್ಷನ್ನಿನ ಔಷಧಿ, ಸಿರಿಂಜು ಇಟ್ಟು, ಅವನು ನನ್ನ ಜೊತೆ ಹೊಲದ ಕಡೆ ಹೊರಟಾಗೆಲ್ಲ ಚೀಲದಲ್ಲಿ ಹಾಕಿಕೊಳ್ಳುತ್ತಿದ್ದೆ. ಅವತ್ತು ಹಾಕಿಕೊಳ್ಳಲಿಲ್ಲ. ಪಾರ್ಕಿಗೆ ಹೋಗಲಿಕ್ಕೆ ಯಾಕೆ ಅಂದುಕೊಂಡೆ. ಡಬ್ಬಿ ಮನೆಯಲ್ಲಿ ಕಪಾಟಿನೊಳಗೇ ಇತ್ತು.

ಆಟೋದವನಿಗೆ ತೋಟದ ಹೆಸರು ಹೇಳಿದರೆ ಗೊತ್ತಾಗಲಿಲ್ಲ. "ಓ, ಫಾರಿನ್ ಪಾರ್ಕಾ?" ಎಂದ. ಕಡ್ಡಿರಾಂಪುರ ದಾಟಿ ಸ್ವಲ್ಪ ಮುಂದೆ ಇಳಿಸಿದ. ಒಳಗೆ ಹೋದರೆ ಒಂದೊಂದು ದೇಶಕ್ಕೂ ಒಂದೊಂದು ತುಂಡು ನೆಲ. ಹಾಲೆಂಡಿನ ಗಾಳಿಯಂತ್ರ, ಅದರ ಸುತ್ತ ಚೆಂಡು ಹೂವು. ಮೆಕ್ಸಿಕೋದಲ್ಲಿ ಪಾಪಾಸುಕಳ್ಳಿ. ಅದನ್ನು ನೋಡಿ ಅವ್ವ ನಕ್ಕಳು, ನಮ್ಮ ಹೊಲದ ಬದುವಿನಿಂದ ಕಿತ್ತು ತಂದಿದ್ದಾರೆ ಅಂತ. ಆಫ್ರಿಕಾದ ಹುಲ್ಲಿನ ಗುಡಿಸಲುಗಳು. ಹಿಮದ ದೇಶದ್ದು ಎಂದು ಸುಣ್ಣ ಬಳಿದ ಸಿಮೆಂಟಿನ ಗುಮ್ಮಟ ಒಂದು, ಹೊರಮೈಗೆಲ್ಲ ಇಟ್ಟಿಗೆಯ ಹಾಗೆ ಗೆರೆ ಕೊರೆದದ್ದು. ಅದರ ಗಿಡ್ಡ ಬಾಯಿಗೆ ತಗಡಿನ ಬಾಗಿಲು ಜಡಿದು, ತೋಟದವರು ಒಳಗೆ ಪೈಪು, ಗುದ್ದಲಿ, ಗೊಬ್ಬರ ಇಟ್ಟುಕೊಂಡಿದ್ದರು. ಅದರಾಚೆ ಕೆಂಪು ಸೇತುವೆ, ಕೊಳ. ಕೊಳದ ಆ ದಂಡೆಗೆ ಬುದ್ಧ.

ಅಪ್ಪ ಚಪ್ಪಲಿ ಬಿಟ್ಟ. ಕಾದ ಹಾಸುಗಲ್ಲಿನ ಮೇಲೆ ಬರಿಗಾಲಲ್ಲಿ ನಡೆದು ಹೋಗಿ, ಎದುರಿನ ಹುಲ್ಲಿನ ಮೇಲೆ ಕೂತ. ಅವ್ವ ಪಕ್ಕದಲ್ಲಿ ಕೂತಳು. ಅಪ್ಪ ಎಡಗಣ್ಣು ಮುಚ್ಚಿ ಬಲಗಣ್ಣಲ್ಲಿ, ಮತ್ತೆ ಬಲಗಣ್ಣು ಮುಚ್ಚಿ ಎಡಗಣ್ಣಲ್ಲಿ ನೋಡುತ್ತಿದ್ದ.

"ಯಜಮಾನ್ರ, ಬಿಸ್ಲಾಗ ಯಾಕ ಕುಂತೀರಿ? ಈ ಕಡೆ ನೆರಳಿಗೆ ಬರ್ರಿ," ಎಂದು ಯಾರೋ ಕರೆದರು. ಸೀರೆಯ ಮೇಲೆ ಹಸಿರು ಕೋಟು ತೊಟ್ಟ ಹೆಂಗಸು, ಐವತ್ತೈದರ ಮೇಲಿರಬಹುದು, ಕೈಯಲ್ಲಿ ಕುಡುಗೋಲು. ತೋಟದ ಕೆಲಸದಾಕೆ. ಕಡ್ಡಿರಾಂಪುರದಾಕೆ ಎಂದು ಆಮೇಲೆ ತಿಳಿಯಿತು.

"ಇಲ್ಲಿ ಕುಂತ್ರ ಎದುರಿಗೆ ಕಾಣ್ತಾನವಾ," ಅಂದ ಅಪ್ಪ.

ಆಕೆ ಹತ್ತಿರ ಬಂದಳು. "ದಿನಾ ಇವಂಗ ಜಳಕ ಮಾಡ್ಸೋದು ನಾನ ನೋಡ್ರಿ. ಮುಂಜಾನಿ ಪೈಪ್ ಹಿಡ್ದು ಹಕ್ಕಿ ಹೊಲಸೆಲ್ಲ ತೊಳೀತೀನಿ. ಕಿವಿ ಹಿಂದ ಭಾಳ ಮಾಡಿರ್ತಾವು."

ಅಪ್ಪನಿಗೆ ಇದು ಎಷ್ಟು ಹಿಡಿಸಿತೆಂದರೆ ಕೂತಲ್ಲಿಂದಲೇ ಆಕೆಗೆ ಕೈ ಮುಗಿದ. "ಪುಣ್ಯಾತಗಿತ್ತಿ ನೀನು," ಅಂದ. ಆಕೆ ನಾಚಿಕೊಂಡು ನಕ್ಕಳು.

ಅದೇ ಹೊತ್ತಿಗೆ ನಾನು ತಲೆ ಎತ್ತಿ ನೋಡಿದೆ. ಬುದ್ಧನ ಹಿಂದೆ ಒಂದು ದೊಡ್ಡ ಬಂಡೆ. ನಮ್ಮ ಕಡೆಯ ತೋಟ ಅಂದರೆ ಬಂಡೆಯನ್ನು ಒಡೆಯದೆ ಹಾಗೇ ಬಿಟ್ಟಿರುತ್ತಾರೆ. ಅದರ ಮುಂಚಾಚಿನ ಅಡಿಯಲ್ಲಿ ಕಪ್ಪಗೆ, ಮೊರದಷ್ಟಗಲ, ಮೂರು ಜೇನುಹುಟ್ಟು ತೂಗುತ್ತಿದ್ದವು. ಹೆಜ್ಜೇನು.

"ಅಪ್ಪಾ, ಏಳು. ಹೋಗೂಣು."

"ಯಾಕ?"

ಕೈ ತೋರಿಸಿದೆ. ಅಪ್ಪನಿಗೆ ಅಷ್ಟು ದೂರ ಕಾಣಲಿಲ್ಲ. ಅವ್ವನಿಗೆ ಕಂಡಿತು, ಅವಳು ಥಟ್ಟನೆ ಎದ್ದು ನಿಂತಳು. ತೋಟದಾಕೆ ನಮ್ಮ ಮುಖ ನೋಡಿ, "ಅವೇನು ಮಾಡಂಗಿಲ್ಲ ಬಿಡ್ರಿ. ಎರಡು ವರ್ಷ ಆತು ಬಂದು ಹೋಗಿ ಮಾಡಾಕ ಹತ್ಯಾವು. ಹೊಗಿ ಹಾಕಬಾರ್ದು, ಕಲ್ಲು ಒಗೀಬಾರ್ದು, ಅಷ್ಟ," ಎಂದಳು. ನಾನು ಅಪ್ಪನ ವಿಷಯ ಹೇಳಿದೆ. ಆಗ ಆಕೆಯೂ ಗಂಭೀರವಾದಳು. "ಹಂಗಾದ್ರ ಬ್ಯಾಡ. ಯಜಮಾನ್ರ, ಏಳ್ರಿ ನೀವು."

"ಅವು ತಮ್ಮ ಪಾಡಿಗೆ ತಾವು ಅದಾವು, ನಾವು ನಮ್ಮ ಪಾಡಿಗೆ ನಾವು ಅದೀವಿ," ಅಂದ ಅಪ್ಪ. "ಐದ ನಿಮಿಷ. ಬಂದದ್ದ ಇದಕ್ಕ."

ನಾನು ತೋಳು ಹಿಡಿದು ಎಳೆದೆ. ಅವನು ನನ್ನ ಕೈಯನ್ನು ಮೆಲ್ಲಗೆ ಬಿಡಿಸಿದ. ಎಳೆಯ ಮಗುವಿನ ಕೈ ಬಿಡಿಸುವ ಹಾಗೆ.

ಆ ಐದು ನಿಮಿಷವನ್ನು ನಾನು ಬಂಡೆ ನೋಡುತ್ತಲೇ ಕಳೆದೆ. ಕಳೆದೆ ಅನ್ನುವುದೂ ತಪ್ಪು, ಅದು ಮುಗಿಯಲೇ ಇಲ್ಲ. ಕೆಂಪು ಸೇತುವೆಯ ಮೇಲೆ ಮದುವೆಯಾಗಲಿರುವ ಜೋಡಿಯೊಂದು ಫೋಟೋ ತೆಗೆಸಿಕೊಳ್ಳಲು ಬಂದಿತ್ತು. ಜೊತೆಗೆ ಕ್ಯಾಮೆರಾದವನೊಬ್ಬ, ಇನ್ನೊಬ್ಬ ಪೆಟ್ಟಿಗೆಯಿಂದ ಡ್ರೋನ್ ತೆಗೆಯುತ್ತಿದ್ದ. ತೋಟದಾಕೆ ನೋಡಿದವಳೇ ಆ ಕಡೆ ಓಡಿದಳು.

"ಸಾರ್, ಅದನ್ನ ಮ್ಯಾಲೆ ಬಿಡಬ್ಯಾಡ್ರಿ. ಬಂಡಿಗಲ್ಲಿಗೆ ಜೇನು ಅದಾವು."

"ಪರ್ಮಿಷನ್ ತಗೊಂಡೀವಮ್ಮ. ಎರಡ ಶಾಟ್."

"ಪರ್ಮಿಷನ್ ಮಂದಿಗೆ ಕೇಳ್ತದ್ರಿ, ಜೇನಿಗೆ ಕೇಳ್ತದನು?"

ಅವನು ನಕ್ಕ. ಡ್ರೋನ್ ಗುಂಯ್ಯೆಂದು ಎದ್ದಿತು. ನಾನು ಅಪ್ಪನ ಎರಡೂ ಕಂಕುಳಿಗೆ ಕೈ ಹಾಕಿ ಎತ್ತಿ ನಿಲ್ಲಿಸಿದೆ. ಈ ಸಲ ಅವನೂ ಬೇಡ ಅನ್ನಲಿಲ್ಲ. ಆ ಸದ್ದು ಅವನಿಗೂ ಹಿಡಿಸಲಿಲ್ಲ ಎಂದು ಕಾಣುತ್ತದೆ. ಚಪ್ಪಲಿ ಹುಡುಕುತ್ತಿದ್ದ. ಬಿಡು ಅಪ್ಪಾ ಅಂದೆ.

ಮೊದಲು ಹುಟ್ಟಿನ ಮೈಮೇಲೆ ಒಂದು ಅಲೆ ಓಡಿತು. ನೀರಿಗೆ ಗಾಳಿ ಬೀಸಿದರೆ ಓಡುವಂಥ ಅಲೆ, ಮೇಲಿಂದ ಕೆಳಕ್ಕೆ. ಎರಡನೇ ಹುಟ್ಟಿನ ಮೇಲೂ ಓಡಿತು. ಡ್ರೋನ್ ಸೇತುವೆಯ ಮೇಲಿಂದ ಹಿಂದಕ್ಕೆ ಸರಿದು, ಬಂಡೆಯೂ ಚಿತ್ರದಲ್ಲಿ ಬರಲಿ ಎಂದೋ ಏನೋ, ಅದರ ಹತ್ತಿರಕ್ಕೆ ಹೋಯಿತು. ಆಮೇಲೆ ಮಧ್ಯದ ಹುಟ್ಟು ಬಿಚ್ಚಿದ ಕಂಬಳಿಯ ಹಾಗೆ ಕೆಳಕ್ಕೆ ಜಾರಿತು. ಜಾರಿದ್ದು ನೆಲಕ್ಕೆ ಬೀಳಲಿಲ್ಲ.

"ಎದ್ದೂ!" ಎಂದು ತೋಟದಾಕೆ ಕೂಗಿದಳು. "ಜೇನು ಎದ್ದೂ, ಓಡ್ರೀ!"

ನನ್ನ ವೇಲನ್ನು ಅಪ್ಪನ ತಲೆ ಮುಖಕ್ಕೆಲ್ಲ ಸುತ್ತಿದೆ. ಅವನಿಗೆ ದಾರಿ ಕಾಣುವುದು ನಿಂತಿತು. ನಾನು ಒಂದು ಕಡೆ, ಅವ್ವ ಒಂದು ಕಡೆ ಹಿಡಿದು ಓಡಿಸಿದೆವು. ಗೇಟು ದೂರ. ಆಫ್ರಿಕಾದ ಗುಡಿಸಲಿಗೆ ಗೋಡೆಯೇ ಇಲ್ಲ. ಎತ್ತ ಎಂದು ನಿಂತಾಗ ಆಕೆ ಹಿಂದಿನಿಂದ ಬಂದು ನಮ್ಮನ್ನು ಬಲಕ್ಕೆ ತಳ್ಳಿದಳು. "ಗುಮ್ಮಟ! ಆ ಗುಮ್ಮಟದಾಗ ಹೋಗ್ರಿ!" ತಾನೇ ಮುಂದೆ ಹೋಗಿ ಚಿಲಕ ತೆಗೆದಳು, ಅಪ್ಪನ ತಲೆ ಬಗ್ಗಿಸಿ ಒಳಗೆ ದೂಡಿದಳು, ಅವ್ವನನ್ನು ದೂಡಿದಳು, ನನ್ನನ್ನು ದೂಡಿದಳು. "ಒಳಗಿಂದ ಹಿಡ್ಕೊಳ್ರಿ, ಬಿಡಬ್ಯಾಡ್ರಿ!" ಎಂದು ಬಾಗಿಲು ಮುಚ್ಚಿದಳು. ಸೇತುವೆಯ ಮೇಲೆ ಆ ಮದುವೆಯ ಹುಡುಗಿ ಕಿರುಚುತ್ತಿತ್ತು. ತೋಟದಾಕೆಯ ಹೆಜ್ಜೆಯ ಸದ್ದು ಆ ಕಡೆ ಹೋಯಿತು.

ಒಳಗೆ ಕತ್ತಲೆ, ಕಾವು, ಗೊಬ್ಬರದ ಮತ್ತು ರಬ್ಬರಿನ ನಾತ. ನಾವು ಮೂವರು ಬಗ್ಗಿ ಕೂತರೆ ತುಂಬಿಹೋಗುವಷ್ಟು ಜಾಗ. ಬಾಗಿಲಿನ ಒಳಮೈಗೆ ಸೈಕಲ್ ಟ್ಯೂಬಿನ ತುಂಡನ್ನು ಬಳೆಯ ಹಾಗೆ ಕಟ್ಟಿದ್ದರು. ಅದನ್ನು ಎರಡೂ ಕೈಯಲ್ಲಿ ಹಿಡಿದು ಕಾಲನ್ನು ಚೌಕಟ್ಟಿಗೆ ಒತ್ತಿ ಕೂತೆ. ನಮ್ಮ ಜೊತೆ ಎರಡು ಹುಳ ಒಳಗೆ ಬಂದಿದ್ದವು. ಒಂದನ್ನು ಅವ್ವ ಚಪ್ಪಲಿಯಿಂದ ಗೋಡೆಗೆ ಹೊಡೆದಳು. ಇನ್ನೊಂದು ಕಾಣಿಸುತ್ತಿರಲಿಲ್ಲ, ಅಪ್ಪನ ಕಿವಿಯ ಹತ್ತಿರ ಎಲ್ಲೋ ಅದರ ಸದ್ದು ಮಾತ್ರ. "ಅಲುಗಾಡಬ್ಯಾಡ," ಎಂದಳು ಅವ್ವ. ಸದ್ದು ನಿಂತಿತು. ಅವ್ವ ಅದನ್ನು ಬರಿಗೈಯಲ್ಲಿ ಹಿಡಿದು ಹಿಸುಕಿದ್ದಳು. ಅವಳ ಅಂಗೈಗೆ ಕಡಿದಿತ್ತು.

ನಾನು ಅಪ್ಪನ ಉಸಿರನ್ನೇ ಕೇಳುತ್ತಿದ್ದೆ. ಓಡಿದ ಏದುಸಿರೋ, ಗಂಟಲು ಕಟ್ಟುವ ಸದ್ದೋ? "ಕಡೀತೇನಪಾ? ಎಲ್ಲೆರ ಉರಿಯಾಕ ಹತ್ತೈತೇನು?" "ಇಲ್ಲ." "ನಾಲಿಗಿ ದಪ್ಪ ಆಗೈತೇನು?" "ಇಲ್ಲ ಅಂತಂದ್ನೆಲ್ಲ." ತಗಡಿಗೆ ಹೊರಗಿನಿಂದ ಜೋಳ ಎರಚಿದಂತೆ ಸದ್ದಾಗುತ್ತಿತ್ತು. ಅವು ಬಂದು ಬಡಿಯುತ್ತಿದ್ದ ಸದ್ದು.

ಆಮೇಲೆ ಯಾರೋ ಬಾಗಿಲು ಬಡಿದರು.

"ಯವ್ವಾ, ತಗೀರಿ. ನಾನು. ತಗೀರಿ."

ತೋಟದಾಕೆಯ ದನಿ. ನನಗೆ ಗೊತ್ತಾಯಿತು. ಗೊತ್ತಾಗಲಿಲ್ಲ ಎಂದು ಯಾರಿಗೂ ಯಾವತ್ತೂ ನಾನು ಹೇಳಿಲ್ಲ.

"ಯಾರದು?" ಎಂದ ಅಪ್ಪ. ತಲೆಗೆ ವೇಲು ಸುತ್ತಿದ್ದರಿಂದ ಅವನಿಗೆ ಸರಿಯಾಗಿ ಕೇಳಿಸಿರಲಿಲ್ಲ.

"ಯಾರೂ ಇಲ್ಲಪಾ. ಗಾಳಿಗೆ ತಗಡು ಬಡಿತೈತಿ."

ಅಷ್ಟು ಸಲೀಸಾಗಿ ಬಂತು ನನ್ನ ಬಾಯಿಂದ.

ಹೊರಗಿನಿಂದ ಆಕೆ ಬಾಗಿಲನ್ನು ಎಳೆದಳು. ಒಂದು ಬೆರಳಿನಷ್ಟು ಸಂದಿಯಾಯಿತು, ಬೆಳಕು ಬಂತು. ಆ ಸಂದಿಯಲ್ಲಿ ನಾಲ್ಕು ಬೆರಳು ಕಂಡವು, ಬೆರಳುಗಳ ಮೇಲೆ ಹುಳಗಳು ಕಂಡವು. ನಾನು ಟ್ಯೂಬನ್ನು ಮೈಯ ಭಾರವೆಲ್ಲ ಹಾಕಿ ಎಳೆದೆ. ಬೆರಳುಗಳು ಹೊರಗೆ ಹೋದವು. ಬಾಗಿಲು ಮುಚ್ಚಿತು.

ತೆಗೆದರೆ ಆಕೆಯ ಜೊತೆ ಐವತ್ತು ಹುಳ ಒಳಗೆ ಬರುತ್ತವೆ, ಔಷಧಿ ಮನೆಯಲ್ಲಿದೆ, ಅಪ್ಪ ನನ್ನ ತೊಡೆಯ ಮೇಲೆಯೇ ಸಾಯುತ್ತಾನೆ, ಆಕೆಗಾದರೆ ಅಲರ್ಜಿ ಇರಲಿಕ್ಕಿಲ್ಲ: ಹೀಗೆಲ್ಲ ಲೆಕ್ಕ ಹಾಕಿದೆ ಎಂದು ಆಮೇಲೆ ನನಗೆ ನಾನೇ ಹೇಳಿಕೊಂಡಿದ್ದೇನೆ. ಲೆಕ್ಕ ತಪ್ಪೂ ಅಲ್ಲ. ಆದರೆ ಆ ಹೊತ್ತಿನಲ್ಲಿ ನಾನು ಏನನ್ನೂ ಯೋಚಿಸಲಿಲ್ಲ. ನನ್ನ ಕೈ ಹಿಡಿದಿತ್ತು, ಬಿಡಲಿಲ್ಲ, ಅಷ್ಟೇ.

"ಯವ್ವಾ, ನಿಮ್ಮ ಕಾಲಿಗೆ ಬೀಳ್ತೀನಿ, ತಗೀರಿ."

ಈ ಸಲ ಅಪ್ಪನಿಗೆ ಕೇಳಿಸಿತು. ತಲೆಯ ಬಟ್ಟೆ ಕಿತ್ತು ಹಾಕಿದ. "ಆ ಹೆಣ್ಮಗಳಲ್ಲಾ? ತಗಿ ಬಾಗಲಾ."

"ತಗಿಯಂಗಿಲ್ಲ."

"ಲೇ, ತಗಿ ಅಂದೆ!"

"ತಗಿಯಂಗಿಲ್ಲಪಾ. ನೀನು ಸುಮ್ನ ಕುಂದ್ರು."

ಅವನು ತೆವಳಿಕೊಂಡು ಬಂದು ನನ್ನ ಭುಜ ಹಿಡಿದ. ಗಣಿಯಲ್ಲಿ ಕಲ್ಲು ಹೊತ್ತ ಕೈ, ಇನ್ನೂ ಬಿಗಿ ಇತ್ತು. ನನ್ನನ್ನು ಎಳೆದೇ ಬಿಡುತ್ತಿದ್ದ. ಅಷ್ಟರಲ್ಲಿ ಅವ್ವ ನಮ್ಮಿಬ್ಬರ ನಡುವೆ ತೂರಿ ಬಂದಳು. ಅವನ ಎದೆಗೆ ಕೈಯಿಟ್ಟು ಹಿಂದಕ್ಕೆ ತಳ್ಳಿದಳು. ಬಾತುಕೊಳ್ಳುತ್ತಿದ್ದ ಆ ಕೈಯಿಂದಲೇ.

"ಕುಂದ್ರು. ನಿನ್ನ ಹೆಣಾ ತಗೊಂಡು ಊರಿಗೆ ಹೋಗಾಕ ನನ್ನಿಂದ ಆಗಂಗಿಲ್ಲ," ಎಂದಳು. ಆಮೇಲೆ ತಿರುಗಿ, ನನ್ನ ಜೊತೆ ತಾನೂ ಟ್ಯೂಬು ಹಿಡಿದಳು.

ಅಪ್ಪ ಒದರಿದ. ನಮಗಲ್ಲ, ಹೊರಗಿನವಳಿಗೆ. "ನೀರಾಗ ಹೋಗವಾ! ನೀರಾಗ ಬೀಳು! ತಲಿ ಮುಚ್ಕೋ!" ಎರಡು ಮೂರು ಸಲ ಒದರಿದ. ಬಡಿಯುವುದು ನಿಂತಿತು. ಹೊರಗೆ ಏನೂ ಕೇಳಿಸಲಿಲ್ಲ, ಜೋಳ ಎರಚುವ ಸದ್ದೊಂದನ್ನು ಬಿಟ್ಟು.

ಎಷ್ಟು ಹೊತ್ತು ಹಾಗೆ ಕೂತಿದ್ದೆವೋ. ಯಾರೂ ಯಾರ ಮುಖವನ್ನೂ ನೋಡಲಿಲ್ಲ, ನೋಡುವಷ್ಟು ಬೆಳಕೂ ಇರಲಿಲ್ಲ. ನನ್ನ ಬೆರಳುಗಳು ಮರಗಟ್ಟಿದ್ದವು. ಕೊನೆಗೆ ಹಸಿ ಹುಲ್ಲು ಸುಡುವ ಹೊಗೆ ವಾಸನೆ ಬಂತು, ಗೇಟಿನ ವಾಚ್‌ಮನ್ ದನಿ ಬಂತು. "ಒಳಗ ಯಾರದೀರಿ? ಹೊರಗ ಬರ್ರಿ, ಜಲ್ದಿ!"

ಹೊರಗೆ ಬಿಸಿಲಿಗೆ ಕಣ್ಣು ಕುಕ್ಕಿತು. ಅಪ್ಪನ ಮುಖ, ಕುತ್ತಿಗೆ, ಕೈ ಎಲ್ಲ ತಿರುಗಿಸಿ ನೋಡಿದೆ. ಒಂದು ಕಡಿತವೂ ಇರಲಿಲ್ಲ. ಅವನು ನನ್ನ ಕೈ ಕೊಡವಿ ಕೊಳದ ಕಡೆ ನಡೆದ.

ಆಕೆ ಬುದ್ಧನ ಕಾಲ ಬುಡದಲ್ಲಿ, ಮೊಣಕಾಲುದ್ದದ ನೀರಿನಲ್ಲಿ ಮುದುಡಿ ಕೂತಿದ್ದಳು. ತಲೆಯ ಮೇಲೆ ಗೋಣಿಚೀಲ. ವಾಚ್‌ಮನ್ ಮತ್ತು ಇನ್ನೊಬ್ಬ ಸೇರಿ ಎತ್ತುತ್ತಿದ್ದರು. ಕಣ್ಣೆರಡೂ ಮುಚ್ಚಿಹೋಗಿದ್ದವು, ತುಟಿ ಮೇಲಕ್ಕೆ ಮಡಚಿಕೊಂಡಿತ್ತು. ಬಲಗೈ ಮಣಿಕಟ್ಟಿನಲ್ಲಿ ಸೊಟ್ಟಗಾಗಿತ್ತು. ಕೊಳಕ್ಕೆ ಓಡುವಾಗ ಕಲ್ಲಿನ ಮೇಲೆ ಬಿದ್ದಿದ್ದಳು. ಮದುವೆಯ ಹುಡುಗಿ ಕಾರಿನಿಂದ ಇಳಿದು ಅಳುತ್ತಿತ್ತು. ಈ ಅಮ್ಮನೇ ತನ್ನನ್ನು ಕೋಟಿನೊಳಗೆ ಮುಚ್ಚಿಕೊಂಡು ಕಾರಿನ ತನಕ ಕರೆತಂದರು, ಹತ್ತಿಸಿದ ಕೂಡಲೇ ಒಳಗಿದ್ದವರು ಬಾಗಿಲು ಹಾಕಿಕೊಂಡುಬಿಟ್ಟರು ಎಂದು ಹೇಳುತ್ತಿತ್ತು. ಅದನ್ನು ಕೇಳಿ ನನಗೆ ಒಂದು ಕ್ಷಣ ಹಗುರವಾಯಿತು. ನಾನೊಬ್ಬಳೇ ಅಲ್ಲವಲ್ಲ ಎಂದು. ಬಾಗಿಲು ಹಿಡಿದದ್ದಕ್ಕಿಂತ ಆ ಹಗುರವಾದದ್ದಕ್ಕೆ ಈಗಲೂ ನನಗೆ ಹೆಚ್ಚು ನಾಚಿಕೆ.

ಆಂಬುಲೆನ್ಸ್ ಬಂತು. ನಾನು ನರ್ಸು ಎಂದು ಹೇಳಿ ಹತ್ತಿದೆ. ನನ್ನ ಗುರುತಿನ ಕಾರ್ಡಿನ ಅಂಚಿನಿಂದ ಆಕೆಯ ಕುತ್ತಿಗೆ, ಕೆನ್ನೆ, ಕೈಯಿಂದ ಮುಳ್ಳುಗಳನ್ನು ಕೆರೆದು ತೆಗೆಯುತ್ತ ಹೋದೆ. ಮೊದಮೊದಲು ಎಣಿಸುತ್ತಿದ್ದೆ, ಆಮೇಲೆ ಬಿಟ್ಟೆ. ನಾಡಿ ಸಣ್ಣಗೆ ಓಡುತ್ತಿತ್ತು.

"ಯಾರವಾ ನೀನು?" ಎಂದಳು. ತುಟಿ ಬಾತಿದ್ದರಿಂದ ಮಾತು ಮುದ್ದೆಯಾಗಿ ಬಂತು.

"ನರ್ಸ್ ಅದೀನಿ ಅಕ್ಕಾ."

"ಚಲೋ ಆತು. ದೇವ್ರು ಕಳಿಸಿದಂಗ ಬಂದಿ."

ನಾನು ಮುಳ್ಳು ಕೆರೆಯುತ್ತಿದ್ದೆ.

"ಆ ಯಜಮಾನ್ರು ಹೆಂಗದಾರ? ಗುಮ್ಮಟದಾಗಿದ್ರಲ್ಲ. ಜೇನು ಕಡದ್ರ ಅವ್ರಿಗೆ ಆಗಂಗಿಲ್ಲಂತ."

"ಚಲೋ ಅದಾರ," ಎಂದೆ. ಅವರ ಮಗಳು ನಾನೇ ಎಂದು ಹೇಳಲಿಲ್ಲ.

ಆಕೆಯನ್ನು ಸೇರಿಸಿದ್ದು ನಾನು ಕೆಲಸ ಮಾಡುವ ಆಸ್ಪತ್ರೆಗೇ, ಬೇರೆ ವಾರ್ಡಿಗೆ. ಅಷ್ಟು ಹುಳ ಕಡಿದರೆ ಭಯ ಅವತ್ತಿನದಷ್ಟೇ ಅಲ್ಲ. ಎರಡು ಮೂರು ದಿನಕ್ಕೆ ಕಿಡ್ನಿಗೆ ಬರಬಹುದು. ಮೂತ್ರದ ಬಣ್ಣ ಕಪ್ಪಾದರೆ ಕೆಟ್ಟದ್ದು. ಸೋಮವಾರ ಮುಂಜಾನೆ ನನ್ನ ಡ್ಯೂಟಿಗೆ ಮೊದಲು ಹೋಗಿ ಮಂಚದ ಪಕ್ಕದ ಚೀಲ ನೋಡಿದೆ. ಚಹಾದ ಡಿಕಾಕ್ಷನ್ ಬಣ್ಣ. ಮಧ್ಯಾಹ್ನ ನೋಡಿದೆ, ಹಾಗೇ. ಸಂಜೆ ನೋಡಿದೆ, ಪ್ರಮಾಣವೂ ಕಡಿಮೆಯಾಗಿತ್ತು. ಬಳ್ಳಾರಿಗೆ ಕಳಿಸಬೇಕಾಗಬಹುದು ಎಂದು ಡಾಕ್ಟರು ಆಕೆಯ ಮಗಳಿಗೆ ಹೇಳುತ್ತಿದ್ದರು. ಆ ಮಗಳು ನನ್ನ ಕೈ ಹಿಡಿದುಕೊಂಡು, "ನೀವಿದ್ರಿ ಅಂತ ಧೈರ್ಯ ಐತ್ರಿ ಸಿಸ್ಟರ್," ಅಂದಳು. ನಾನು ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತೆ.

ಅಪ್ಪ ಊರಿಗೆ ಹೋಗಲಿಲ್ಲ. ಅಣ್ಣ ಫೋನ್ ಮಾಡಿ ಕರೆದರೂ ಹೋಗಲಿಲ್ಲ. ಬೆಳಿಗ್ಗೆ ನನ್ನ ಜೊತೆ ಆಸ್ಪತ್ರೆಗೆ ಬಂದು ಆ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂರುತ್ತಿದ್ದ, ಸಂಜೆ ನನ್ನ ಜೊತೆ ಮನೆಗೆ ಬರುತ್ತಿದ್ದ. ದಾರಿಯಲ್ಲಿ ಮಾತಿಲ್ಲ. ಮನೆಯಲ್ಲೂ ಇಲ್ಲ. ಅವ್ವ ಬಡಿಸಿದ್ದನ್ನು ಉಂಡು ಗೋಡೆಗೆ ಮುಖ ಮಾಡಿ ಮಲಗುತ್ತಿದ್ದ. ಒಮ್ಮೆ ನಾನೇ ತಡೆಯಲಾರದೆ ಕೇಳಿದೆ. "ನಿನ್ನ ಉಳಿಸಿದ್ದು ತಪ್ಪೇನಪಾ?"

ಗೋಡೆಯಿಂದ ಈ ಕಡೆ ಹೊರಳಿದ. "ತಪ್ಪಂತ ನಾ ಅಂದಿಲ್ಲ. ನಾನು ಸಾಯೋದು ಬಿಡೋದು ನನ್ನದಲ್ಲೇನು? ನನ್ನ ಒಂದ್ ಮಾತು ಕೇಳಬೇಕಿತ್ತು ನೀನು. ಗಾಳಿ ಅಂದಿ."

"ಕೇಳಿದ್ರ ತಗಿ ಅಂತಿದ್ದಿ."

"ಅಂದೆನಲ್ಲ."

ಅವ್ವ ಒಲೆಯ ಕಡೆಯಿಂದ, "ಇಬ್ರೂ ಹಿಡದೀವಿ, ನನಗೂ ಅನ್ನು," ಎಂದಳು. ಅಪ್ಪ ಮತ್ತೆ ಗೋಡೆಗೆ ಹೊರಳಿದ.

ಮಂಗಳವಾರ ಚೀಲದ ಬಣ್ಣ ತಿಳಿಯಾಯಿತು. ಬುಧವಾರ ಬೆಳಿಗ್ಗೆ ನೀರಿನಂತಾಯಿತು. ಆಕೆಯ ಎಡಗಣ್ಣು ಅರ್ಧ ತೆರೆದಿತ್ತು. ಮಗಳು ಮುಖ ತೊಳೆಯಲು ಹೋಗಿದ್ದಳು. ಮಂಚದ ಪಕ್ಕದಲ್ಲಿ ನಿಂತೆ. ಮುರಿದ ಕೈಗೆ ಪ್ಲಾಸ್ಟರಿನ ಪಟ್ಟಿ ಹಾಕಿದ್ದರು. ಆಕೆ ನನ್ನನ್ನು ನೋಡಿದಳು, ನೋಡುತ್ತಲೇ ಇದ್ದಳು.

ನಾನು ತಯಾರಿ ಮಾಡಿಕೊಂಡ ಮಾತೆಲ್ಲ ಹೋಯಿತು. "ಅಕ್ಕಾ, ಗುಮ್ಮಟದಾಗಿದ್ದಾಕಿ ನಾನ. ಬಾಗಲ ಹಿಡಿದಿದ್ದಾಕಿ," ಎಂದೆ.

"ಗೊತ್ತೈತಿ," ಅಂದಳು.

"ಯಾವಾಗ ಗೊತ್ತಾತು?"

"ಆಂಬುಲೆನ್ಸಿನ್ಯಾಗ ಗೊತ್ತಾಗಲಿಲ್ಲ. ಆಮ್ಯಾಲೆ ನಿಮ್ಮಪ್ಪನ ದನಿ ಹೊರಗ ಕೇಳಿತು. ಆ ನರ್ಸ್ ನನ್ನ ಮಗಳು ಅಂತ ಯಾರಿಗೋ ಹೇಳಾಕ ಹತ್ತಿದ್ರು." ಉಸಿರು ಎಳೆದುಕೊಂಡಳು. "ಯಾರೋ ಹಿಡದಾರ ಅಂಬೋದು ಅವಾಗ ಗೊತ್ತಿತ್ತು. ಆ ಬಾಗಲಿಗೆ ಒಳಗ ಚಿಲಕ ಇಲ್ಲವಾ. ಹೊರಗ ಐತಿ. ಟ್ಯೂಬ್ ಕಟ್ಟಿದಾಕಿ ನಾನ."

ನಾನು ಅಳಲಿಲ್ಲ. ಅತ್ತರೆ ಆಕೆಯೇ ಸಮಾಧಾನ ಹೇಳಬೇಕಾಗುತ್ತದೆ ಎಂದು ಹಲ್ಲು ಕಚ್ಚಿ ನಿಂತೆ.

"ನಿಮ್ಮಪ್ಪ ಸತ್ತಿದ್ರ ನನಗೂ ಚಲೋ ಅನಸ್ತಿರಲಿಲ್ಲ," ಅಂದಳು. "ಒಳಗ ಹೋಗಂದಾಕಿ ನಾನ. ಹಿಡ್ಕೊಳ್ರಿ ಅಂದಾಕೀನೂ ನಾನ. ಆದ್ರ..."

ಕಾದೆ.

"ಆದ್ರ ಒಂದು ಮಾತು ಅನಬೇಕಿತ್ತು ನೀನು. ಆಗಂಗಿಲ್ಲ ಅಕ್ಕಾ, ಹೋಗು ಅಂದಿದ್ರ ಅವಾಗ ಹೋಗ್ತಿದ್ದೆ. ಈಗ ತಗೀತಾರ, ಆಗ ತಗೀತಾರ ಅಂತ ಅಲ್ಲೇ ನಿಂತೆ."

ಅಷ್ಟೇ ಹೇಳಿ ಕಣ್ಣು ಮುಚ್ಚಿದಳು. ಮಗಳು ಬಂದಳು. ನಾನು ಡ್ರಿಪ್ಪಿನ ಬಾಟಲಿ ಸರಿಪಡಿಸಿದವಳ ಹಾಗೆ ಮಾಡಿ ಹೊರಗೆ ಬಂದೆ.

ಬೆಂಚಿನ ಮೇಲಿದ್ದ ಅಪ್ಪ ತಲೆ ಎತ್ತಿದ. "ಹೇಳಿದ್ಯಾ?"

"ಹೇಳಿದೆ."

"ಏನಂದ್ರು?"

ಆಕೆ ಅಂದದ್ದನ್ನು ಅಂದ ಹಾಗೆಯೇ ಹೇಳಿದೆ. ಅಪ್ಪ ಕೇಳಿಕೊಂಡ. ಬೆಂಚಿನ ಮೇಲೆ ಸರಿದು ಜಾಗ ಮಾಡಿದ. ಡ್ಯೂಟಿಗೆ ತಡವಾಗಿತ್ತು, ಆದರೂ ಕೂತೆ.

ಶುಕ್ರವಾರ ಆಕೆಯನ್ನು ಮನೆಗೆ ಕಳಿಸಿದರು. ಅಪ್ಪ ಅವ್ವ ಶನಿವಾರ ಊರಿಗೆ ಹೋದರು. ಕಣ್ಣಿನ ಆಪರೇಷನ್ ಎರಡು ವಾರಕ್ಕೆ ಆಯಿತು, ಚೆನ್ನಾಗಿಯೇ ಆಯಿತು. ಕಣ್ಣಿನ ಪಟ್ಟಿ ಬಿಚ್ಚಿ, ನೀರು ಬೀಳಿಸಬೇಡ ಎಂದು ಡಾಕ್ಟರು ಹೇಳಿದಷ್ಟು ದಿನ ಕಳೆದ ಮೇಲೆ ಅಪ್ಪ ಕಡ್ಡಿರಾಂಪುರಕ್ಕೆ ಹೊರಟ. ನಾನು ಬರಲಾ ಎಂದು ಕೇಳಲಿಲ್ಲ, ಬಾ ಎಂದು ಅವನೂ ಅನ್ನಲಿಲ್ಲ. ಆಟೋ ಬಂದಾಗ ಅವನು ಒಳಗೆ ಒತ್ತಿ ಕೂತು ಜಾಗ ಬಿಟ್ಟ. ನಾನು ಹತ್ತಿದೆ.

ರಸ್ತೆಯಿಂದ ಎರಡು ಮನೆ ಒಳಗೆ, ಶೀಟಿನ ಮನೆ. ಆಕೆ ಕಟ್ಟೆಯ ಮೇಲೆ ಕೂತಿದ್ದಳು. ಮುಖದ ಬಾವು ಇಳಿದು ಅಲ್ಲಲ್ಲಿ ಕಪ್ಪು ಚುಕ್ಕೆ ಉಳಿದಿದ್ದವು. ಕೈಯ ಪಟ್ಟಿ ಇನ್ನೂ ಬಿಚ್ಚಿರಲಿಲ್ಲ. "ಬರ್ರಿ ಯಜಮಾನ್ರ, ಕುಂದ್ರಿ," ಎಂದು ಅಪ್ಪನಿಗೆ ಚಾಪೆ ತೋರಿಸಿದಳು. ನನಗೆ ಏನೂ ಅನ್ನಲಿಲ್ಲ. ನಾನು ಮೆಟ್ಟಿಲ ಹತ್ತಿರ ನಿಂತೆ. ಅಪ್ಪ ಮತ್ತು ಆಕೆ ಮಳೆ, ಶೇಂಗಾ ಬೆಳೆ, ಚೋರನೂರಿನ ನೆಲದ ಬಗ್ಗೆ ಮಾತಾಡಿದರು. ಕೆಲಸಕ್ಕೆ ಮತ್ತೆ ಹೋಗುವೆಯಾ ಎಂದು ಅಪ್ಪ ಕೇಳಿದ. ಕೈ ಸರಿಹೋದರೆ ಹೋಗುವೆ, ಜೇನು ಹುಟ್ಟು ಬಿಟ್ಟು ಹೋಗಿವೆಯಂತೆ, ಡ್ರೋನ್ ಬಿಡಬಾರದು ಅಂತ ಬೋರ್ಡ್ ಹಾಕಿದ್ದಾರಂತೆ ಎಂದಳು.

ಆಕೆಯ ಮುಂದೆ ಮೊರದಲ್ಲಿ ಸಿಪ್ಪೆ ಸಮೇತ ಶೇಂಗಾ ರಾಶಿ ಇತ್ತು. ಒಂದೇ ಕೈಯಲ್ಲಿ ಒಂದೊಂದೇ ಕಾಯಿಯನ್ನು ಕಟ್ಟೆಗೆ ಒತ್ತಿ ಒಡೆಯುತ್ತಿದ್ದಳು. ಅರ್ಧಕ್ಕರ್ಧ ಜಾರಿ ಉರುಳುತ್ತಿದ್ದವು. ಮಾತಿನ ನಡುವೆ, ನನ್ನ ಕಡೆ ನೋಡದೆಯೇ, ಮೊರವನ್ನು ಕಾಲಿನಿಂದ ಸ್ವಲ್ಪ ದೂಡಿದಳು.

"ನಿಂತು ಏನ್ ಮಾಡ್ತಿ? ಇವನ್ನ ಬಿಡಿಸು."

ನಾನು ಮೆಟ್ಟಿಲ ಮೇಲೆ ಕೂತು ಮೊರ ಎಳೆದುಕೊಂಡೆ. ಅವರಿಬ್ಬರೂ ಮಾತು ಮುಂದುವರಿಸಿದರು. ರಾಶಿ ದೊಡ್ಡದಿತ್ತು, ಸಿಪ್ಪೆ ಗಟ್ಟಿ ಇತ್ತು. ಮಧ್ಯಾಹ್ನದ ಬಸ್ಸು ಹೋಗುವವರೆಗೆ ಬಿಡಿಸಿದೆ, ಮುಗಿಯಲಿಲ್ಲ.